ಕಿವಿ ಮಂದವಾದವನ ಚಿತ್ರಮಂದಿರ

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಸಿನಿಮಾದ ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬೇರಿಸಿಯಾರು. ಸಂಪಾದಕ ಮಂಡಲಿಯವರು ನನ್ನಿಂದ ಅಪೇಕ್ಷಿಸಿದ್ದು ಪ್ರಾಯಶಃ ಪ್ರಸಾದನಿಲಯದ ದಿನಗಳ ನೆನಪನ್ನೋ ಶಿಕ್ಷಕವೃತ್ತಿಯ ಅನುಭವವನ್ನೋ ಇರಬೇಕು. ಆ ಎರಡನ್ನೂ ಕುರಿತು ನನಗಿಂತ ಸಮರ್ಥರಾದವರು ಈ ಸಂಪುಟದಲ್ಲಿಯೇ ಬರೆದಿರುತ್ತಾರೆ. ನಾನು ಅಧಿಕಾರದಿಂದ ಮಾತನಾಡಬಹುದಾದ ವಿಷಯ ಬೇರೊಂದಿದೆ: ಎರಡು ಕಿವಿಗಳೂ ಅರ್ಧಕ್ಕಿಂತ ಹೆಚ್ಚು ಅಸಹಕಾರ ಹೂಡಿದ ಮೇಲೂ ಚಿತ್ರಮಂದಿರದಲ್ಲಿ ಎರಡೂವರೆ ಗಂಟೆ ಕುಳಿತು ಸಂತೋಷಪಟ್ಟು ಬರುವುದು ಹೇಗೆ ಎಂಬುದು. ನನ್ನ ಓರಗೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಸಭೆಗಳಲ್ಲಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕೂರುವುದನ್ನು ಕಂಡಿದ್ದೇನೆ. ಅವರಿಗಾದರೂ ಇದು ಅಪ್ರಸ್ತುತವೆನಿಸಲಾರದು.

ನಮ್ಮ ಪ್ರಸಾದನಿಲಯದಲ್ಲಿ ಸಿನಿಮಾ ನಿಷಿದ್ಧವಾಗಿತ್ತು. ಆದರೆ 1959ರಲ್ಲಿ ತೆರೆಕಂಡ ‘ಜಗಜ್ಯೋತಿ ಬಸವೇಶ್ವರ’ ಚಿತ್ರವು ಕೆಲವು ವರ್ಷ ತಡವಾಗಿ ನಮ್ಮ ಊರಿನ ಟೂರಿಂಗ್ ಟಾಕೀಸಿಗೆ ಬಂದಾಗ ಆ ನಿಷೇಧ ಒಂದು ಸಂಜೆಯ ಮಟ್ಟಿಗೆ ಸಡಿಲಗೊಂಡು, ನಮ್ಮೆಲ್ಲರನ್ನೂ ಎರಡು ಸಾಲು ಮಾಡಿಸಿ ಕರೆದೊಯ್ದರು. ಹೊನ್ನಪ್ಪ ಭಾಗವತರು ಬಸವಣ್ಣನವರ ಪಾತ್ರದಲ್ಲಿ, ರಾಜಕುಮಾರರು ಬಿಜ್ಜಳನ ಪಾತ್ರದಲ್ಲಿ. ಮರಳ ನೆಲದ ಮೇಲೆ ಕುಳಿತಿದ್ದೆವು. ಡೇರೆಯ ಹೊರಗೆ ಜನರೇಟರು ಒಂದೇ ಸಮನೆ ಗುಡುಗುತ್ತಿತ್ತು; ಒಳಗೆ ಪ್ರೊಜೆಕ್ಟರು ಕಟಕಟನೆ ಸದ್ದು ಮಾಡುತ್ತಿತ್ತು; ಧ್ವನಿವರ್ಧಕವಂತೂ ಗಂಟಲು ಕಟ್ಟಿದ ಮುದುಕನಂತಿತ್ತು. ಆದರೂ ಆ ರಾತ್ರಿ ನಮಗೆ ಒಂದು ಮಾತೂ ತಪ್ಪಲಿಲ್ಲ. ಬಿಜ್ಜಳನ ಗದರಿಕೆಗಳನ್ನು ವಾರಗಟ್ಟಲೆ ಒಬ್ಬರ ಮೇಲೊಬ್ಬರು ಪ್ರಯೋಗಿಸಿಕೊಂಡೆವು. ಎಳೆಯ ಕಿವಿಗೆ ಅಷ್ಟು ಗದ್ದಲದ ನಡುವಿನಿಂದಲೂ ಮಾತನ್ನು ಆಯ್ದುಕೊಳ್ಳುವ ಶಕ್ತಿಯಿರುತ್ತದೆಂಬುದು ಆ ಶಕ್ತಿ ಹೋದ ಮೇಲೆಯೇ ತಿಳಿಯುವಂಥದು.

ಶ್ರವಣಶಕ್ತಿ ಕುಗ್ಗುವುದು ಒಂದು ದಿನದಲ್ಲಿ ಆಗುವ ಘಟನೆಯಲ್ಲ. ಕೆರೆಯ ನೀರು ಇಳಿದಂತೆ ಅದು ಇಳಿಯುತ್ತದೆ. ದಡದ ಮೆಟ್ಟಿಲುಗಳು ಒಂದೊಂದಾಗಿ ಕಾಣತೊಡಗಿದಾಗಲೇ ಗಮನಕ್ಕೆ ಬರುವುದು. ನನಗೆ ಮೊದಲು ತಪ್ಪಿದ್ದು ತರಗತಿಯ ಹಿಂದಿನ ಸಾಲಿನ ಪಿಸುಮಾತು. ಶಿಕ್ಷಕನಾದವನಿಗೆ ಅದು ವರವೇ ಆಗಿತ್ತು. ಆಮೇಲೆ ತಪ್ಪಿದ್ದು ಹೆಣ್ಣುಮಕ್ಕಳ ಉತ್ತರಗಳು. ನಿವೃತ್ತಿಗೆ ಮೂರು ವರ್ಷಗಳಿರುವಾಗ, 2009ರಲ್ಲಿ, ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡೆ. 1965ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆಯೆಂಬುದು ನಮ್ಮವರಲ್ಲಿ ಎಷ್ಟೋ ಜನರಿಗೆ ತಿಳಿಯದು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿ, ಕೊನೆಗೆ ಒಂದು ರೇಖಾಚಿತ್ರವನ್ನು ಕೈಗಿತ್ತರು. ಎಡದ ತುದಿಯಲ್ಲಿ ಸಮತಟ್ಟಾಗಿದ್ದ ಗೆರೆ ಬಲಕ್ಕೆ ಸರಿದಂತೆ ಅರಬೈಲು ಘಟ್ಟದ ರಸ್ತೆಯಂತೆ ಇಳಿದಿತ್ತು.

ಅದರ ಅರ್ಥವನ್ನು ಅಲ್ಲಿಯ ತಜ್ಞೆಯೊಬ್ಬರು ವಿವರಿಸಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿವೆ. ನಾಳದ ಬಾಗಿಲ ಬಳಿಯವು ಹೆಚ್ಚು ಕಂಪನದ ತೆಳು ಧ್ವನಿಗಳನ್ನೂ ಒಳತುದಿಯವು ಕಡಿಮೆ ಕಂಪನದ ದಪ್ಪ ಧ್ವನಿಗಳನ್ನೂ ಗ್ರಹಿಸುತ್ತವೆ. ವಯಸ್ಸಾದಂತೆ ಬಾಗಿಲ ಬಳಿಯವೇ ಮೊದಲು ಸಾಯುತ್ತವೆ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಸ್ವರಗಳು ದಪ್ಪ ಧ್ವನಿಯವು, ಬಲವುಳ್ಳವು. ಸ, ಶ, ಚ, ತ, ಕ, ಪ ಮೊದಲಾದ ವ್ಯಂಜನಗಳು ತೆಳು ಧ್ವನಿಯವು, ದುರ್ಬಲ. ಆದ್ದರಿಂದ ನನ್ನಂಥವನಿಗೆ ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಕನ್ನಡದ ಪದಗಳೆಲ್ಲ ಬಹುಮಟ್ಟಿಗೆ ಸ್ವರದಿಂದ ಮುಗಿಯುತ್ತವೆಯಷ್ಟೆ. ಹೀಗಾಗಿ ನಮ್ಮ ಭಾಷೆಯ ರಾಗ, ಏರಿಳಿತ, ವಾಕ್ಯ ಮುಗಿಯುವಾಗಿನ ಆ ಇಳಿಜಾರು ಎಲ್ಲವೂ ನನ್ನ ಕಿವಿಗೆ ಬೀಳುತ್ತವೆ, ಅರ್ಥವೊಂದನ್ನು ಬಿಟ್ಟು. ಪಕ್ಕದ ಕೋಣೆಯಲ್ಲಿ ಯಾರೋ ಆಪ್ತರು ಮಾತನಾಡುತ್ತಿರುವಂತೆ ಇರುತ್ತದೆ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ಮೆಲ್ಲಗೆ ಹೇಳಿದರೆ ಕೇಳದು. ಗಟ್ಟಿಯಾಗಿ ಹೇಳಿದರೆ ‘ಕಿರುಚಬೇಡಿ’ ಎನ್ನುವ ಮುದುಕರನ್ನು ಎಲ್ಲರೂ ನೋಡಿ ನಕ್ಕಿರುತ್ತಾರೆ. ಅದು ಸಿಡುಕಲ್ಲ. ಕೇಶಕೋಶಗಳು ಸತ್ತ ಕಿವಿಯಲ್ಲಿ ‘ಕೇಳಿಸುವುದು’ ಮತ್ತು ‘ನೋಯಿಸುವುದು’ ಎಂಬ ಎರಡು ಎಲ್ಲೆಗಳ ನಡುವಣ ಅಂತರವೇ ಕಿರಿದಾಗಿಬಿಡುತ್ತದೆ. ಚಿತ್ರಮಂದಿರದಲ್ಲಿ ಇದು ಬಲು ಕಷ್ಟಕ್ಕೆ ಬರುತ್ತದೆ. ನಾಯಕಿಯ ಮೆಲುಮಾತು ಮೊದಲ ಎಲ್ಲೆಯ ಕೆಳಗೆ. ಮರುಕ್ಷಣದ ಹೊಡೆದಾಟ ಎರಡನೆಯ ಎಲ್ಲೆಯ ಮೇಲೆ. ಶ್ರವಣಯಂತ್ರ ಹಾಕಿಕೊಂಡರೆ ಫ್ಯಾನಿನ ಸದ್ದು, ಪಕ್ಕದವರ ಪೊಟ್ಟಣದ ಪರಪರ, ಕೆಮ್ಮು ಎಲ್ಲವೂ ನಾಯಕನ ಮಾತಿನೊಡನೆ ಸಮಾನ ಗೌರವದಿಂದ ಒಳಗೆ ಬರುತ್ತವೆ. ಕನ್ನಡಕ ಹಾಕಿದೊಡನೆ ಅಕ್ಷರ ತಿಳಿಯಾಗುವಂತೆ ಯಂತ್ರ ಹಾಕಿದೊಡನೆ ಮಾತು ತಿಳಿಯಾಗುವುದೆಂದು ಭಾವಿಸುವವರು, ಯಂತ್ರವನ್ನು ಎಂದೂ ಹಾಕಿಕೊಳ್ಳದವರು.

2016ರ ಹೊತ್ತಿಗೆ ಪರಿಸ್ಥಿತಿ ಇಲ್ಲಿಗೆ ಬಂದಿತ್ತು. ಚಿತ್ರಮಂದಿರದಲ್ಲಿ ಒಮ್ಮೆ ಇಡೀ ಸಭಾಂಗಣ ಘೊಳ್ಳೆಂದು ನಕ್ಕಾಗ ನಮ್ಮ ಮನೆಯವರು ನನ್ನತ್ತ ತಿರುಗಿ, “ಎಲ್ಲಾರೂ ನಗಾಕತ್ತಾರ, ನೀವ್ಯಾಕ ಸುಮ್ಮ ಕುಂತೀರಿ?” ಎಂದು ಕೇಳಿದರು. ಅವರು ನನ್ನ ಕಿವಿಗೆ ಬಾಗಿ ಆ ಹಾಸ್ಯವನ್ನು ಹೇಳುವಷ್ಟರಲ್ಲಿ ಇನ್ನೆರಡು ಹಾಸ್ಯಗಳು ಕಳೆದುಹೋದವು. ಹಿಂದಿನ ಸಾಲಿನವರು ‘ಶ್ಶ್’ ಎಂದರು. ಆ ‘ಶ್ಶ್’ ಕೂಡ ನನಗೆ ಕೇಳಿಸಲಿಲ್ಲ, ಮನೆಯವರ ಮುಖ ಸಣ್ಣದಾದುದನ್ನು ನೋಡಿ ತಿಳಿದುಕೊಂಡೆ. ಅಂದಿನಿಂದ ಚಿತ್ರಮಂದಿರಕ್ಕೆ ಹೋಗುವುದನ್ನು ಬಿಟ್ಟೆ. ಮದುವೆಯಾದಂದಿನಿಂದ ತಿಂಗಳಿಗೊಂದು ಚಿತ್ರವನ್ನು ಜೊತೆಯಾಗಿ ನೋಡುವುದು ನಮ್ಮ ಮನೆಯ ವ್ರತದಂತಿತ್ತು. ಅವರೂ ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಂದಶ್ರವಣದ ನಿಜವಾದ ನಷ್ಟವನ್ನು ಡೆಸಿಬೆಲ್ಲಿನಲ್ಲಿ ಅಳೆಯುವುದು ವೈದ್ಯಶಾಸ್ತ್ರದ ಅನುಕೂಲಕ್ಕಷ್ಟೆ. ಒಬ್ಬನ ಕಿವಿ ಹೋದರೆ ಮನೆಯಲ್ಲಿ ಇಬ್ಬರ ಸಂಜೆ ಹೋಗುತ್ತದೆ. 2020ರಲ್ಲಿ ಮಹಾಮಾರಿ ಬಂದು ಚಿತ್ರಮಂದಿರಗಳು ಎಲ್ಲರಿಗೂ ಮುಚ್ಚಿದವು. ಮುಖಗವಸು ಬಂದು, ತುಟಿಯ ಚಲನೆಯನ್ನು ನೋಡಿ ತಿಳಿಯುತ್ತಿದ್ದ ಅಲ್ಪಸ್ವಲ್ಪ ಮಾತೂ ಮರೆಯಾಯಿತು. ಆ ಎರಡು ವರ್ಷ ನನ್ನಷ್ಟು ಮೌನವ್ರತವನ್ನು ಯಾವ ಶಿವಯೋಗಿಯೂ ಆಚರಿಸಿರಲಾರರು!

ಮತ್ತೆ ಚಿತ್ರಮಂದಿರದೊಳಗೆ ಕಾಲಿಟ್ಟದ್ದು 2022ರ ಅಕ್ಟೋಬರಿನಲ್ಲಿ, ಅದೂ ಪುಣೆಯಲ್ಲಿ. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನು ಒತ್ತಾಯ ಮಾಡಿ ‘ಕಾಂತಾರ’ ಚಿತ್ರಕ್ಕೆ ಕರೆದೊಯ್ದನು. ಕರಾವಳಿಯ ಆ ಕನ್ನಡ ಧಾರವಾಡ ಸೀಮೆಯವನಿಗೆ ಕಿವಿ ನೆಟ್ಟಗಿದ್ದರೂ ಕಷ್ಟವೇ. ನನಗೆ ನಿದ್ದೆ ಮಾಡುವ ಸಿದ್ಧತೆಯಿತ್ತು. ಆದರೆ ಮೊದಲ ಮಾತಿನೊಡನೆ ತೆರೆಯ ಕೆಳಭಾಗದಲ್ಲಿ ಇಂಗ್ಲಿಷಿನ ಅಡಿಬರಹ ಮೂಡಿತು. ಹೊರರಾಜ್ಯದ ಪ್ರೇಕ್ಷಕರಿಗೆಂದು ಹಾಕಿದ್ದು. ನಾನು ಎದ್ದು ಕುಳಿತೆ. ಆರು ವರ್ಷಗಳ ಬಳಿಕ ಸಭಾಂಗಣದೊಡನೆ ಅದೇ ಕ್ಷಣದಲ್ಲಿ ನಕ್ಕೆ. ವಾಸ್ತವವಾಗಿ ಅಡಿಬರಹ ಮಾತಿಗಿಂತ ಒಂದು ನಿಮಿಷಾರ್ಧ ಮೊದಲೇ ಓದಿಗೆ ಸಿಕ್ಕುವುದರಿಂದ ಒಂದೆರಡು ಕಡೆ ಎಲ್ಲರಿಗಿಂತ ಮೊದಲು ನಕ್ಕು ಮೊಮ್ಮಗನ ಕೆಂಗಣ್ಣಿಗೆ ಗುರಿಯಾದೆ. ಕೊನೆಯ ಭಾಗದ ಆ ದೈವದ ಕೂಗು ಬಂದಾಗ ಯಂತ್ರವನ್ನು ತಗ್ಗಿಸಿದ್ದೆ. ಆದರೂ ಅದು ಆಸನದ ಹಲಗೆಯಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಬಂದಿತು. ಕನ್ನಡ ಚಿತ್ರವೊಂದನ್ನು ತಿಳಿಯಲು ಕನ್ನಡಿಗನೊಬ್ಬ ಮಹಾರಾಷ್ಟ್ರಕ್ಕೆ ಹೋಗಿ ಇಂಗ್ಲಿಷನ್ನು ಓದಬೇಕಾಯಿತೆಂಬುದು ಮಾತ್ರ ರೈಲಿನಲ್ಲಿ ಹಿಂದಿರುಗುವಾಗ ನನ್ನನ್ನು ಕಾಡಿತು. ಇಂಗ್ಲಿಷು ಬಾರದ ಮಂದಶ್ರವಣರು ಎಲ್ಲಿಗೆ ಹೋಗಬೇಕು?

ಚರಿತ್ರೆಯನ್ನು ನೋಡಿದರೆ ಸಿನಿಮಾ ಎಂಬುದು ಮೂಲತಃ ನಮ್ಮವರದೇ ಆಗಿತ್ತು. 1913ರ ‘ರಾಜಾ ಹರಿಶ್ಚಂದ್ರ’ದಿಂದ ಮೊದಲ್ಗೊಂಡು ಮೂಕಿಚಿತ್ರಗಳ ಕಾಲದಲ್ಲಿ ಕಿವಿಯಿದ್ದವನೂ ಇಲ್ಲದವನೂ ತೆರೆಯ ಮುಂದೆ ಸಮಾನರು, ಇಬ್ಬರೂ ನಡುನಡುವೆ ಬರುವ ಬರಹದ ಫಲಕಗಳನ್ನು ಓದಿ ಕಥೆ ತಿಳಿಯಬೇಕಾಗಿತ್ತು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ನಮ್ಮ ‘ಸತಿ ಸುಲೋಚನಾ’ ಬಂದು ಚಿತ್ರಗಳು ಮಾತು ಕಲಿತವು. ನಾಡೆಲ್ಲ ಹಬ್ಬ ಮಾಡಿದ ಆ ದಿನಗಳಲ್ಲಿ ಕಿವುಡರ ಪಾಲಿನ ಬಾಗಿಲು ಮುಚ್ಚಿದ್ದನ್ನು ಗಮನಿಸಿದವರು ಕಡಿಮೆ. ಅಮೆರಿಕದಲ್ಲಿ ಎಮರ್ಸನ್ ರೊಮೆರೊ ಎಂಬ ಕಿವುಡ ನಟ, ಮೂಕಿಚಿತ್ರಗಳಲ್ಲಿ ಅಭಿನಯಿಸಿದ್ದವನು, 1947ರಲ್ಲಿ ಮಾತಿನ ಚಿತ್ರಗಳ ಸುರುಳಿಯನ್ನು ಕತ್ತರಿಸಿ ನಡುವೆ ಬರಹದ ಫಲಕಗಳನ್ನು ತಾನೇ ಅಂಟಿಸಿ ಕಿವುಡರ ಸಂಘಗಳಲ್ಲಿ ತೋರಿಸತೊಡಗಿದನು. 1958ರಲ್ಲಿ ಆ ದೇಶದ ಸರಕಾರವೇ ಅಂಥ ಚಿತ್ರಗಳಿಗಾಗಿ ಕಾನೂನು ಮಾಡಿತು.

ಮಾತಿಲ್ಲದೆಯೂ ಚಿತ್ರ ಮಾಡಬಹುದೆಂಬುದನ್ನು ಬೆಂಗಳೂರಿನಲ್ಲಿಯೇ ಚಿತ್ರೀಕರಿಸಿದ ‘ಪುಷ್ಪಕ ವಿಮಾನ’ 1987ರಲ್ಲಿ ತೋರಿಸಿಕೊಟ್ಟಿತು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ, ಶೃಂಗಾರ ನಾಗರಾಜ್ ನಿರ್ಮಿಸಿದ ಆ ಚಿತ್ರದಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಆದರೆ ಸದ್ದು ಇದೆ. ಚಿತ್ರಮಂದಿರದ ಗದ್ದಲದ ಪಕ್ಕದಲ್ಲಿ ಮಲಗಿ ಅಭ್ಯಾಸವಾದ ನಾಯಕನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದು. ಕೊನೆಗೆ ಆ ಹೊಡೆದಾಟದ ಸದ್ದನ್ನೇ ಟೇಪು ಮಾಡಿ ತಂದು ಹಾಕಿಕೊಂಡು ಮಲಗುತ್ತಾನೆ. ಬಿಡುಗಡೆಯಾದಾಗ ನೋಡಿ ನಕ್ಕಿದ್ದೆ. ಯಂತ್ರವನ್ನು ತೆಗೆದಿಟ್ಟು ಮಲಗುವ ಈಗಿನ ರಾತ್ರಿಗಳಲ್ಲಿ ಆ ನಾಯಕನ ಮೇಲೆ ಅನುಕಂಪ ಬಂದಿದೆ.

ಪುಣೆಯಿಂದ ಬಂದ ಮೇಲೆ ನಮ್ಮ ಮನೆಯವರೂ ನಾನೂ ಮತ್ತೆ ಹೋಗತೊಡಗಿದ್ದೇವೆ. ಅಡಿಬರಹವಿಲ್ಲದ ನಮ್ಮ ಊರಿನ ಚಿತ್ರಮಂದಿರದಲ್ಲಿಯೂ ನಿಭಾಯಿಸಲು ಕಲಿತ ಕೆಲವು ಉಪಾಯಗಳನ್ನು ಬರೆಯುತ್ತೇನೆ. ಅಗ್ಗದ ಟಿಕೇಟಿನ ಮುಂದಿನ ಸಾಲು ಬೇಡ. ಬಾಲ್ಕನಿಯ ಕೆಳಗಿನ ಹಿಂದಿನ ಸಾಲುಗಳಂತೂ ಬೇಡವೇ ಬೇಡ. ಅಲ್ಲಿಗೆ ನೇರ ಧ್ವನಿಗಿಂತ ಗೋಡೆಗೆ ಬಡಿದು ಬಂದ ಧ್ವನಿಯೇ ಹೆಚ್ಚು. ಮಾತಿನ ಧ್ವನಿವರ್ಧಕವು ತೆರೆಯ ಹಿಂದೆ ನಡುಮಧ್ಯದಲ್ಲಿರುತ್ತದೆ, ತೆರೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ಧ್ವನಿ ಹೊರಬರುತ್ತದೆ. ಆದ್ದರಿಂದ ಅದಕ್ಕೆ ನೇರ ಎದುರಾಗಿ, ಸಭಾಂಗಣದ ನಡುವಿಗಿಂತ ತುಸು ಹಿಂದೆ ಕುಳಿತುಕೊಳ್ಳಬೇಕು. ಜನವಿಲ್ಲದ ಪ್ರದರ್ಶನ ಉತ್ತಮವೆಂದು ಮೊದಲು ಭಾವಿಸಿದ್ದೆ. ಗದ್ದಲ ಕಡಿಮೆಯೆನ್ನುವುದು ನಿಜವೇ, ಆದರೆ ಸುಣ್ಣದ ಗೋಡೆಯ ಹಳೆಯ ಮಂದಿರಗಳಲ್ಲಿ ಪ್ರತಿಧ್ವನಿಯನ್ನು ಹೀರಿಕೊಳ್ಳುವುದು ಜನರ ಬಟ್ಟೆಬರೆ, ಮೈಗಳೇ. ಮುಕ್ಕಾಲು ತುಂಬಿದ ಮನೆ ಲೇಸು.

ತುಟಿಯೋದನ್ನು ಕುರಿತು ಎರಡು ಮಾತು. ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ. ‘ಬರ’ ಎಂದನೋ ‘ಮರ’ ಎಂದನೋ ‘ಪರ’ ಎಂದನೋ ಸಂದರ್ಭವೇ ಹೇಳಬೇಕು. ಕ, ಗ, ಹ ಗಂಟಲೊಳಗಿನ ವ್ಯವಹಾರ. ತುಟಿಗೆ ಅದರ ಸುದ್ದಿಯೇ ಇಲ್ಲ. ಹೀಗಿದ್ದರೂ ಅರ್ಧ ಕೇಳಿದ್ದಕ್ಕೆ ಅರ್ಧ ನೋಡಿದ್ದು ಕೂಡಿದರೆ ಮುಕ್ಕಾಲು ವಾಕ್ಯ ಕೈಗೆ ಸಿಕ್ಕುತ್ತದೆ. ಬೇರೆ ಭಾಷೆಯಿಂದ ಡಬ್ ಮಾಡಿದ ಚಿತ್ರದಲ್ಲಿ ಇದು ಸಾಧ್ಯವಿಲ್ಲ. ತುಟಿ ತೆಲುಗು ಹೇಳುತ್ತದೆ, ಕಿವಿಗೆ ಕನ್ನಡ ಬರುತ್ತದೆ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗಿಗೆ ತಡೆಯಿದ್ದು, 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪಿನ ಬಳಿಕ ಅದು ಸಡಿಲಗೊಂಡುದರ ಪರವಿರೋಧಗಳನ್ನು ಬಲ್ಲವರು ಚರ್ಚಿಸಿದ್ದಾರೆ. ಆ ಚರ್ಚೆಯಲ್ಲಿ ತುಟಿಯನ್ನು ಓದುವವರ ಮತವನ್ನು ಯಾರೂ ಕೇಳಲಿಲ್ಲ. ಹಳೆಯ ಚಿತ್ರಗಳೇ ನಮಗೆ ಹೆಚ್ಚು ಹಿತ. ನಾಟಕ ಕಂಪನಿಗಳಲ್ಲಿ ಪಳಗಿ ಬಂದ ನಟರು ಕೊನೆಯ ಸಾಲಿನವನಿಗೆ ಮಾತು ಮುಟ್ಟಿಸುವ ಸಂಕಲ್ಪದಿಂದ, ಪ್ರೇಕ್ಷಕರ ಕಡೆಗೆ ಮುಖ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ನುಡಿಯುತ್ತಿದ್ದರು. ಗುಬ್ಬಿ ಕಂಪನಿಯಿಂದ ಬಂದ ರಾಜಕುಮಾರರ ಒತ್ತಕ್ಷರಗಳು ಇಂದಿಗೂ ನನಗೆ ಯಂತ್ರವಿಲ್ಲದೆ ಕೇಳಿಸುತ್ತವೆ. ಈಗಿನ ಯುವನಟರು ಸಹಜತೆಯ ಹೆಸರಿನಲ್ಲಿ ಗೋಡೆಗೆ ಮುಖ ಮಾಡಿ ಗೊಣಗುತ್ತಾರೆ. ಅದರ ಮೇಲೆ ಮೂರು ಪದರ ಸಂಗೀತ ಸುರಿಯುತ್ತಾರೆ.

ಕಥೆಯನ್ನು ಮೊದಲೇ ಓದಿಕೊಂಡು ಹೋಗುವುದು ಇನ್ನೊಂದು ಉಪಾಯ. ಹಿಂದೆ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಹಾಡುಗಳ ಜೊತೆ ಕಥಾಸಾರಾಂಶವೂ ಇರುತ್ತಿತ್ತು; ಸ್ವಾರಸ್ಯದ ಘಟ್ಟಕ್ಕೆ ಬಂದೊಡನೆ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳಿ ಮುಗಿಸುತ್ತಿದ್ದರು. ಆ ಕಿರುಪುಸ್ತಕ ಮಂದಶ್ರವಣರ ಪಾಲಿಗೆ ಯಾವ ಯಂತ್ರಕ್ಕಿಂತಲೂ ಹೆಚ್ಚಿನದಾಗಿತ್ತೆಂದು ಈಗ ತೋರುತ್ತದೆ. ಹಾಡುಗಳ ವಿಷಯದಲ್ಲಂತೂ ಮನಸ್ಸು ಮಾಡುವ ಕೆಲಸ ಆಶ್ಚರ್ಯಕರ. ಮೊದಲು ಕೇಳಿ ಬಲ್ಲ ಪಿ.ಬಿ. ಶ್ರೀನಿವಾಸರ ಹಾಡು ಬಂದರೆ ಒಂದು ವ್ಯಂಜನವೂ ತಪ್ಪದೆ ಕೇಳಿಸುತ್ತದೆ. ಕಿವಿ ಬಿಟ್ಟದ್ದನ್ನು ನೆನಪು ತುಂಬಿಕೊಡುತ್ತದೆ. ಹೊಸ ಹಾಡಾದರೆ ತಾಳ ಮಾತ್ರ.

ಸರಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ದೃಶ್ಯಮಾಧ್ಯಮದಲ್ಲಿ ಅಡಿಬರಹ, ಸಂಜ್ಞಾಭಾಷೆಗಳ ವ್ಯವಸ್ಥೆ ಇರಬೇಕೆಂದು ವಿಧಿಸಿದೆ. 2023ರ ಜನವರಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಒಂದು ಪ್ರಸಿದ್ಧ ಹಿಂದೀ ಚಿತ್ರದ ಬಗೆಗೆ ಇದೇ ಅರ್ಥದ ನಿರ್ದೇಶನ ನೀಡಿತು. 2024ರ ಮಾರ್ಚಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಮಾರ್ಗಸೂಚಿಯನ್ನು ಹೊರಡಿಸಿ, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವುಗಳಿಗೆ ಎರಡು ವರ್ಷ ಗಡುವು ಕೊಟ್ಟು, ಚಿತ್ರಮಂದಿರಗಳೂ ತಕ್ಕ ಉಪಕರಣಗಳನ್ನು ಹೊಂದಬೇಕೆಂದಿತು. ಈ ಕಾಗದದ ಪ್ರತಿಯನ್ನು ಹಿಡಿದು ನಾನು ಒಂದು ದೊಡ್ಡ ಊರಿನ ಬಹುತೆರೆ ಮಂದಿರಕ್ಕೆ ಹೋಗಿ ವಿಚಾರಿಸಿದಾಗ, ಗಾಜಿನ ಹಿಂದಿದ್ದ ತರುಣ ಬಹಳ ಹೊತ್ತು ಏನನ್ನೋ ಹೇಳಿದ. ಗಾಜಿನ ದೆಸೆಯಿಂದ ಅದೂ ಕೇಳಿಸಲಿಲ್ಲ.

ಅದೇ ಅಧಿನಿಯಮದ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಾದವರು ಮಂದಶ್ರವಣರು, 70ಕ್ಕೆ ಮೇಲ್ಪಟ್ಟವರು ಕಿವುಡರು. ನನ್ನ ನಷ್ಟ 55. ಕಾನೂನಿನ ಕಣ್ಣಿಗೆ ನಾನು ಕಾಣುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯು ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಿಲ್ಲೊಂದು ಪ್ರಮಾಣದ ಶ್ರವಣದೋಷವಿದೆಯೆಂದೂ, ಅವರಲ್ಲಿ ಸುಮಾರು 43 ಕೋಟಿ ಜನಕ್ಕೆ ಚಿಕಿತ್ಸೆ ಸೌಲಭ್ಯಗಳ ಅಗತ್ಯವಿದೆಯೆಂದೂ ಹೇಳುತ್ತದೆ. ಆ ಎರಡು ಸಂಖ್ಯೆಗಳ ನಡುವಣ ನೂರು ಕೋಟಿ ಜನ ಸಭೆಗಳಲ್ಲಿ ತಲೆಯಾಡಿಸುತ್ತ ಕುಳಿತಿರುವವರು.

ಈಗ ಸಂಸ್ಥೆಯ ದಾನಿಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಸಭಾಭವನದಲ್ಲಿ ಮಕ್ಕಳಿಗೆ ಚಲನಚಿತ್ರ ತೋರಿಸುತ್ತಾರೆ, ಶ್ರೀಗಳವರ ಆಶೀರ್ವಚನವೂ ಅಲ್ಲಿಯೇ ನಡೆಯುತ್ತದೆ. ಸಭಾಂಗಣದ ಸುತ್ತ ಒಂದು ತಾಮ್ರದ ತಂತಿಯನ್ನು ಎಳೆದು, ಧ್ವನಿವರ್ಧಕಕ್ಕೆ ಹೋಗುವ ಸಂಕೇತವನ್ನು ತಕ್ಕ ವರ್ಧಕದ ಮೂಲಕ ಅದರಲ್ಲಿ ಹರಿಸಿದರೆ ಒಳಗೆಲ್ಲ ಕಾಂತಕ್ಷೇತ್ರವುಂಟಾಗುತ್ತದೆ. ಅನೇಕ ಶ್ರವಣಯಂತ್ರಗಳೊಳಗೆ ಒಂದು ಪುಟ್ಟ ಸುರುಳಿಯಿದೆ. ‘ಟಿ’ ಎಂಬ ಸ್ಥಾನಕ್ಕೆ ಗುಂಡಿ ತಿರುಗಿಸಿದರೆ ಅದು ಆ ಕ್ಷೇತ್ರವನ್ನು ಹಿಡಿದು, ಕೆಮ್ಮು, ಫ್ಯಾನು, ಪ್ರತಿಧ್ವನಿ ಯಾವುದೂ ಬೆರೆಯದಂತೆ ಮಾತನ್ನು ಮಾತ್ರ ನೇರ ಕಿವಿಗೆ ತಲುಪಿಸುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ 1937ರಲ್ಲಿಯೇ ಇದರ ಹಕ್ಕುಪತ್ರ ಪಡೆದಿದ್ದರು. ಯಂತ್ರ ಕೊಳ್ಳುವವರು ಈ ಸುರುಳಿ ಇದೆಯೇ ಎಂದು ಕೇಳಿ ಕೊಳ್ಳಬೇಕು. ತೀರ ಚಿಕ್ಕ ಯಂತ್ರಗಳಲ್ಲಿ ಅದಿರುವುದಿಲ್ಲ.

ಇದು ನನ್ನಂಥ ಮುದುಕರಿಗಾಗಿ ಮಾತ್ರ ಕೇಳುತ್ತಿಲ್ಲ. ಮೂವತ್ತೆರಡು ವರ್ಷದ ಪಾಠದಲ್ಲಿ ನಾನು ಕಂಡ ‘ದಡ್ಡ’ ಹುಡುಗರಲ್ಲಿ ಕೆಲವರಾದರೂ ಕಿವಿ ಸೋರಿ ಸೋರಿ ಮಂದವಾದವರು. ಚಿತ್ರ ತೋರಿಸುವಾಗ ಎಲ್ಲರೂ ನಕ್ಕ ಮೇಲೆ ಅಕ್ಕಪಕ್ಕ ನೋಡಿ ನಗುವ ಮಗುವೊಂದು ಪ್ರತಿ ತರಗತಿಯಲ್ಲಿಯೂ ಇರುತ್ತದೆ. ಶಿಕ್ಷಕಬಂಧುಗಳು ಆಗ ತೆರೆಯನ್ನು ಬಿಟ್ಟು ಒಮ್ಮೆ ಮಕ್ಕಳ ಮುಖಗಳನ್ನು ನೋಡಬೇಕು. ಆ ಮಗುವಿಗೆ ಮೈಸೂರಿನ ದಾರಿ ತೋರಿಸಬೇಕು. ಚಿತ್ರಕ್ಕೆ ಕನ್ನಡದ ಅಡಿಬರಹವಿದ್ದರೆ ಅದನ್ನೇ ಆರಿಸಿ ಹಾಕಬೇಕು. ಕಿವಿ ಚೆನ್ನಾಗಿರುವ ಮಕ್ಕಳಿಗೂ ಓದು ಬಂದೀತು.

ಬರುವ ಬೇಸಗೆಯ ರಜೆಯಲ್ಲಿ ಸಭಾಭವನಕ್ಕೆ ಹೊಸ ನೆಲಹಾಸು ಹಾಕಿಸುವರೆಂದು ಕೇಳಿದ್ದೇನೆ, ಅಂದರೆ ಆಡಳಿತ ಮಂಡಳಿಯ ಪತ್ರದಲ್ಲಿ ಓದಿದ್ದೇನೆ. ತಂತಿಯನ್ನು ನೆಲದಡಿಯಲ್ಲಿ ಹಾಯಿಸುವುದಾದರೆ ಕಲ್ಲು ಕೂರಿಸುವ ಮೊದಲೇ ಹಾಯಿಸಬೇಕಾಗುತ್ತದೆ. ಅದರ ಖರ್ಚಿನಲ್ಲಿ ನನ್ನ ಒಂದು ತಿಂಗಳ ನಿವೃತ್ತಿವೇತನವನ್ನು ಸೇರಿಸಿಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಬೇರೆಯಾಗಿ ಬರೆದಿದ್ದೇನೆ.